ಈಟಿಯಮ್ಮನ ಕತೆ ಓದಿದ್ದು

ಪಕ್ಕದ ಮನೆಯ ಹುಡುಗಿ ನಾಲ್ಕನೇ ಕ್ಲಾಸು. ನಿನ್ನೆ ಸಂಜೆ ಸ್ಕೂಲಿನಿಂದ ಬಂದವಳು, ಮನೆಗೆ ಬೀಗ ಹಾಕಿದ್ದರಿಂದ ನಮ್ಮ ಜಗಲಿಯ ಮೇಲೆ ಕೂತು ತನ್ನ ಹೊಸ ಬ್ಯಾಗು ತೋರಿಸಿದಳು. ಅದರ ಮೇಲೆ ತಲೆಗೆ ಕಬ್ಬಿಣದ ಟೊಪ್ಪಿಗೆ ಹಾಕಿ, ಕೈಯಲ್ಲಿ ಈಟಿ ಹಿಡಿದು, ಹೆಗಲ ಮೇಲೆ ಗೂಬೆ ಕೂರಿಸಿಕೊಂಡ ಒಬ್ಬ ಹೆಂಗಸು. “ಅಜ್ಜಿ, ಇವಳು ಅಥೀನಾ. ಗ್ರೀಕ್ ದೇವತೆ. ಕಾಮಿಕ್ಸಲ್ಲಿ ಸೂಪರ್‌ಹೀರೋ,” ಎಂದಳು. ನಾನು ಏನೂ ತಿಳಿಯದವಳ ಹಾಗೆ ತಲೆಯಾಡಿಸಿದೆ. ಎದೆ ಮಾತ್ರ ಡವಡವ ಅನ್ನತೊಡಗಿತು. ಮಕ್ಕಳ ಬ್ಯಾಗು ನೋಡಿ ಎದೆ ಹೊಡೆದುಕೊಂಡಿತು ಎಂದರೆ ಡಾಕ್ಟರು ಮಾತ್ರೆ ಬರೆದುಕೊಡುತ್ತಾರೆ. ನೀವಾದರೆ ಸ್ವಲ್ಪ ಹೊತ್ತು ಕೂತು ಕೇಳುತ್ತೀರಿ.

ಆ ಗೂಬೆಯವಳು ನನಗೆ ಐವತ್ತು ವರ್ಷದ ಹಿಂದಿನ ಪರಿಚಯ. ಆಗ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಹುಣಸೂರಿನ ಹೊಗೆಸೊಪ್ಪಿನ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದೆ. ಫೇಲಾಗಿದ್ದು ಇಂಗ್ಲಿಷಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ನನಗೆ ನಾಚಿಕೆಯಾದರೂ ಪರವಾಗಿಲ್ಲ. ಬಿಸಿಗೂಡಿನಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡಿ ಕಂತೆ ಕಟ್ಟುವುದು ನಮ್ಮ ಕೆಲಸ: ನಿಂಬೆಹಳದಿಯದು ಒಂದು ಕಡೆ, ಕಿತ್ತಳೆ ಬಣ್ಣದ್ದು ಇನ್ನೊಂದು ಕಡೆ, ಸುಟ್ಟ ಕಂದು ಮತ್ತೊಂದು ಕಡೆ. ಎಲೆಯ ಅಂಟು ಬೆರಳಿಗೆ ಮೆತ್ತಿಕೊಂಡು ಕಪ್ಪಾಗುತ್ತಿತ್ತು. ಎಷ್ಟು ತೊಳೆದರೂ ಮಧ್ಯಾಹ್ನದ ಮುದ್ದೆ ಕಹಿಯೇ.

ಆ ವರ್ಷ ಅಪ್ಪನ ಚಳಿಗೆಂದು ಅವ್ವ ಪಿರಿಯಾಪಟ್ಟಣದ ಸಂತೆಯಿಂದ ಒಂದು ಹಳೆಯ ಕೋಟು ತಂದಳು. ಬೈಲುಕುಪ್ಪೆಯ ಟಿಬೆಟಿನವರಿಗೆ ಹೊರದೇಶದಿಂದ ಬಟ್ಟೆಯ ಮೂಟೆಗಳು ಬರುತ್ತಿದ್ದವು. ಅವರಿಗೆ ಮಿಕ್ಕಿದ್ದು ಸಂತೆಗೆ ಬೀಳುತ್ತಿತ್ತು. ಕೋಟು ತೊಟ್ಟರೆ ಅಪ್ಪನ ಕೈಬೆರಳೇ ಕಾಣುತ್ತಿರಲಿಲ್ಲ. ಅದರ ಒಳಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿದ್ದೇ ಆ ಗೂಬೆಯವಳ ಬಣ್ಣದ ಚಿತ್ರಗಳ ಪುಸ್ತಕ. ಕೊನೆಯ ಹಾಳೆಗಳು ಹರಿದುಹೋಗಿದ್ದವು.

ಮಾರನೆಯ ದಿನ ಊಟದ ಹೊತ್ತಿಗೆ ಅದನ್ನು ಶೆಡ್ಡಿನಲ್ಲಿ ಬಿಚ್ಚಿದೆ. ಹನ್ನೆರಡು ಹೆಂಗಸರು ಸುತ್ತ ಕೂತರು. “ಏನ್ ಬರದೈತೆ, ಓದಮ್ಮಿ,” ಎಂದಳು ಜವರಮ್ಮ. ಅವಳು ನಮ್ಮಲ್ಲೆಲ್ಲ ಹಿರಿಯಳು. ಮೇಸ್ತ್ರಿಯೂ ಅವಳಿಗೆ ಹೆದರುತ್ತಿದ್ದ. ನನಗೆ ಓದಲು ಬಂದದ್ದು ಅಲ್ಲೊಂದು ಇಲ್ಲೊಂದು ಪದ. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಓದಿದೆ, ಅಂದರೆ ಕತೆ ಕಟ್ಟಿದೆ.

ಪ್ರಶ್ನೆಗಳೋ ಪ್ರಶ್ನೆಗಳು. ಮಂಡಿ ಕಾಣುವಂಥ ಬಟ್ಟೆ ಯಾಕೆ? ಯುದ್ಧಕ್ಕೆ ಹೊರಟಿದ್ದಾಳೆ, ಅದಕ್ಕೆ ಎಂದೆ. ಗೂಬೆ ಕೂತರೆ ಮನೆಯನ್ನೇ ಬಿಟ್ಟು ಹೋಗುವ ನಮ್ಮೂರಲ್ಲಿ ಇವಳು ಹೆಗಲ ಮೇಲೇ ಕೂರಿಸಿಕೊಂಡಿದ್ದಾಳಲ್ಲ? ಅಪಶಕುನವೇ ಇವಳಿಗೆ ಹೆದರುತ್ತದೆ ಎಂದೆ. ಆ ಉತ್ತರ ಎಲ್ಲರಿಗೂ ಬಹಳ ಹಿಡಿಸಿತು. ಅವತ್ತೇ ಅವಳಿಗೆ ಈಟಿಯಮ್ಮ ಎಂದು ಹೆಸರಾಯಿತು. ದಿನಕ್ಕೆರಡು ಪುಟದಂತೆ ಕತೆ ನಡೆಯಿತು. ಈಟಿಯಮ್ಮ ರೈಲು ಎತ್ತಿದಳು, ಮಹಡಿಯಿಂದ ಮಹಡಿಗೆ ಹಾರಿದಳು. ನಾನು ರಾತ್ರಿಯೆಲ್ಲ ನಾಳೆಯ ಸುಳ್ಳಿಗೆ ತಡಕಾಡುತ್ತಿದ್ದೆ.

ನನ್ನ ಪಕ್ಕದಲ್ಲಿ ಕೂತು ಎಲೆ ಆರಿಸುತ್ತಿದ್ದವಳು ಸಾಕಮ್ಮ. ನನ್ನ ವಯಸ್ಸಿನವಳೇ, ನಮ್ಮ ಬೀದಿಯವಳೇ. ಅವಳ ಅಕ್ಕನನ್ನು ಸಾಲಿಗ್ರಾಮಕ್ಕೆ ಕೊಟ್ಟಿದ್ದರು. ಆಕೆ ಬಾಣಂತನದಲ್ಲಿ ತೀರಿಕೊಂಡು, ಎರಡು ಮಕ್ಕಳು ಉಳಿದಿದ್ದವು. ಆ ಮಕ್ಕಳಿಗಾಗಿ ಸಾಕಮ್ಮನನ್ನೇ ಬಾವನಿಗೆ ಕೊಡುವುದೆಂದು ಹಿರಿಯರು ಮಾತಾಡಿದ್ದರು. ಅವಳ ಅಪ್ಪ ಕೆಟ್ಟವನಲ್ಲ. ಮೊಮ್ಮಕ್ಕಳ ಮುಖ ನೋಡಿ ಒಪ್ಪಿದ್ದ.

ಒಂದು ಶನಿವಾರ ಸಾಕಮ್ಮ ಪುಸ್ತಕದ ಮೇಲೆ ಬಾಗಿ ಕೇಳಿದಳು: “ಇವಳ್ಗೆ ಮದ್ವೆ ಆಗಿಲ್ವಾ? ಇವರಪ್ಪ ಬಲವಂತ ಮಾಡ್ನಿಲ್ವಾ? ಏನಂದ್ಲು, ಓದೆ.”

ಚಿತ್ರದಲ್ಲಿ ಗಡ್ಡದ ಮುದುಕನೊಬ್ಬ ಕೈ ಎತ್ತಿದ್ದ. ಈಟಿಯಮ್ಮನ ಬಾಯಿಂದ ಮಾತಿನ ಗುಳ್ಳೆಯೊಂದು ಹೊರಟಿತ್ತು. ನಾನು ಅದರ ಮೇಲೆ ಬೆರಳಿಟ್ಟು, “ಒಲ್ಲೆ ಅಂದ್ರೆ ಒಲ್ಲೆ ಅಂತವ್ಳೆ,” ಎಂದೆ.

ಮುಂದಿನ ಪುಟ ತಿರುಗಿಸಿದೆ. ಉಳಿದಿದ್ದದ್ದು ಅದೊಂದೇ. ಅದರಲ್ಲಿ ಈಟಿಯಮ್ಮ ಸೇತುವೆಯ ಮೇಲಿಂದ ಹೊಳೆಗೆ ಹಾರುತ್ತಿದ್ದಳು. ಕೆಳಗೆ ನೀಲಿ ನೀರು. ಆಮೇಲೆ ಏನಾಯಿತೆಂದು ನನಗೂ ಗೊತ್ತಿರಲಿಲ್ಲ, ಕಟ್ಟಿಯೂ ಇರಲಿಲ್ಲ. “ಮಿಕ್ಕಿದ್ದು ಸೋಮವಾರ,” ಎಂದು ಪುಸ್ತಕ ಮಡಿಸಿದೆ.

ಸೋಮವಾರ ಸಾಕಮ್ಮ ಕೆಲಸಕ್ಕೆ ಬರಲಿಲ್ಲ. ಮನೆಯಲ್ಲೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯಲು ಲಕ್ಷ್ಮಣತೀರ್ಥ ಹೊಳೆಗೆ ಹೋದವಳು ತಿರುಗಿ ಬಂದಿಲ್ಲ ಎಂದರು. ಬಟ್ಟೆಯ ಕುಕ್ಕೆ ದಡದಲ್ಲೇ ಇತ್ತಂತೆ.

ಸಂಜೆ ಸೇತುವೆಯ ಹತ್ತಿರ ಹೋದೆ. ನಾಲ್ಕು ಜನ ಗಳ ಹಿಡಿದು ಮಡುವಿನಲ್ಲಿ ತಡಕುತ್ತಿದ್ದರು. ಗಳ ಎಲ್ಲಾದರೂ ಸಿಕ್ಕಿಕೊಂಡರೆ ಸಾಕು, ನನ್ನ ಉಸಿರು ನಿಲ್ಲುತ್ತಿತ್ತು. ಮನೆಗೆ ಬಂದು ಪುಸ್ತಕವನ್ನು ನೀರೊಲೆಗೆ ಹಾಕಿದೆ. ಪೊಲೀಸರು ಬಂದರೆ ಕೈಗೆ ಸಿಗಬಾರದಲ್ಲ! ಕೊಲೆ ಮಾಡಿದವಳ ಹಾಗೆ ಬೂದಿಯನ್ನೂ ಕೆದಕಿ ಬಂದೆ. ಮೂರು ದಿನ ಅನ್ನ ಸೇರಲಿಲ್ಲ, ಯಾರ ಹೆಜ್ಜೆ ಕೇಳಿದರೂ ನನಗೇ ಬಂದರೆನ್ನಿಸುತ್ತಿತ್ತು.

ಗುರುವಾರ ತಡೆಯಲಾರದೆ ಜವರಮ್ಮನನ್ನು ಎಲೆಮೂಟೆಗಳ ಹಿಂದೆ ಕರೆದುಕೊಂಡು ಹೋಗಿ ಅತ್ತುಬಿಟ್ಟೆ. “ನಂಗೆ ಇಂಗ್ಲಿಷ್ ಬರಾಕಿಲ್ಲ ಕಣಕ್ಕ. ಎಲ್ಲಾ ನಾನೇ ಕಟ್ಟಿದ್ದು. ಒಲ್ಲೆ ಅಂದದ್ದೂ ನಾನೇ. ನಾನೇ ಅವಳ್ನ ಹೊಳೆಗೆ ನೂಕ್ದೆ.”

ಜವರಮ್ಮ ಸೆರಗಿನಿಂದ ನನ್ನ ಮುಖ ಒರೆಸಿದಳು. “ಲೇ, ನೀನು ಇಂಗ್ಲಿಷಲ್ಲಿ ಫೇಲಾಗಿದ್ದು ಇಡೀ ಉಣಸೂರಿಗೇ ಗೊತ್ತು. ನಮ್ಗೆ ಗೊತ್ತಿಲ್ವಾ? ಚೆನ್ನಾಗಿ ಕತೆ ಏಳ್ತಿದ್ದೆ, ಕೇಳ್ತಿದ್ದೊ. ಸಾಕಿಗೂ ಗೊತ್ತಿತ್ತು.” ಆಮೇಲೆ ದನಿ ತಗ್ಗಿಸಿದಳು. “ಅವಳು ಹೊಳೆಗೆ ಬಿದ್ದಿಲ್ಲ. ನಾನೇ ಕ್ವಾಟೆ ಬಸ್ಸು ಅತ್ತುಸ್ದೆ. ನಮ್ಮಕ್ಕನ ಮನೇಲವ್ಳೆ. ಬಾಯಿ ಬಿಟ್ಟೀಯೆ ಮತ್ತೆ! ಬಾವನ ಕಡೆಯೋರು ನಾಳೇನೇ ಎಳ್ಕಂಡ್ ಬತ್ತಾರೆ.”

ಸಾಕಮ್ಮ ಹೆಗ್ಗಡದೇವನಕೋಟೆಯಲ್ಲಿದ್ದಾಳೆ, ಬದುಕಿದ್ದಾಳೆ! ನನಗೇಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಜವರಮ್ಮ, “ನಿನ್ ಬಾಯಲ್ಲಿ ಏನ್ ನಿಂತದು?” ಎಂದಳು. ಅಷ್ಟು ಭಯದಲ್ಲೂ ನನಗೆ ಅವಮಾನವಾಯಿತು ಎಂದರೆ ನಂಬುತ್ತೀರಾ?

ನಿಂತೇ ನಿಲ್ಲುತ್ತದೆಂದು ತೋರಿಸುವ ಸಂದರ್ಭ ಮರುದಿನವೇ ಬಂತು. ಸಾಕಮ್ಮನ ಅಪ್ಪ ಶೆಡ್ಡಿಗೆ ಬಂದ. ಮಡುವಿನಲ್ಲಿ ನಿಂತು ನಿಂತು ಕಾಲು ಬೆಳ್ಳಗೆ ಸುಕ್ಕಾಗಿದ್ದವು. ಆ ಬಾವ ಗೇಟಿನ ಹೊರಗೆ ಬೀಡಿ ಸೇದುತ್ತ ನಿಂತಿದ್ದ. ಮುದುಕ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ: “ನೀನು ಅವಳ ಜೊತೆಗಾತಿ. ಬದುಕವ್ಳಾ ಮಗಾ? ಅಷ್ಟ್ ಹೇಳು ಸಾಕು. ಎಲ್ಲವ್ಳೆ ಅಂತ ಕೇಳಾಕಿಲ್ಲ.”

ಜವರಮ್ಮ ಕಂತೆ ಕಟ್ಟುವ ಕೈ ನಿಲ್ಲಿಸಿದ್ದು ಕಾಣಿಸಿತು. ನಾನು ಹೂಂ ಅಂದರೆ ಮುದುಕನ ಮುಖ ಅರಳುತ್ತದೆ. ಅದನ್ನು ಗೇಟಿನಲ್ಲಿರುವವನು ನೋಡುತ್ತಾನೆ. ಅಷ್ಟು ದಿನ ಪುಟಗಟ್ಟಲೆ ಸುಳ್ಳು ಹೇಳಿದ್ದ ನಾಲಗೆಗೆ ಅವತ್ತು ಒಂದು ಪದ ಭಾರವಾಯಿತು.

“ಗೊತ್ತಿಲ್ಲ,” ಎಂದೆ.

ಅವನು ನೆಲಕ್ಕೆ ಕೈಯೂರಿ ಎದ್ದು ಹೋದ.

ಮುಂದಿನ ವರ್ಷದ ಪಿತೃಪಕ್ಷದಲ್ಲಿ ಅವರ ಮನೆಯಲ್ಲಿ ಎಡೆ ಇಟ್ಟರು. ಸತ್ತ ಹಿರಿಯರಿಗೆ ಇಷ್ಟವಾದ ಅಡಿಗೆ, ಹೊಸ ಬಟ್ಟೆ ಇಟ್ಟು ಪೂಜೆ ಮಾಡುವುದು ನಮ್ಮ ಕಡೆಯ ಪದ್ಧತಿ. ಊಟಕ್ಕೆ ಕರೆದಿದ್ದರು, ಹೋದೆ. ಅಕ್ಕನ ಸೀರೆಯ ಪಕ್ಕದಲ್ಲಿ ಇನ್ನೊಂದು ಹೊಸ ಸೀರೆ ಇತ್ತು. ಅದು ಸಾಕಮ್ಮನಿಗೆ. ಬದುಕಿರುವವಳಿಗೆ ಅವಳ ಅಪ್ಪ ಧೂಪ ಹಾಕುವುದನ್ನು ನಾನು ಕಣ್ಣಾರೆ ನೋಡಿದೆ. ಪೂಜೆಯಾದ ಮೇಲೆ ಆ ಸೀರೆಯನ್ನು ತಂದು ನನ್ನ ಮಡಿಲಿಗೆ ಹಾಕಿದ. “ಅವಳ ಬದ್ಲು ನೀನ್ ಉಟ್ಕ ಮಗಾ,” ಎಂದ. ಆಗಲೂ ನಾನು ಹೇಳಲಿಲ್ಲ, ಆ ಬಾವನೂ ಎಡೆಯ ಊಟಕ್ಕೆ ಬಂದಿದ್ದ. ಎಷ್ಟು ಸಲ ಬಾಯಿವರೆಗೆ ಬಂತೋ, ಅಷ್ಟು ಸಲವೂ ನುಂಗಿದೆ. ಬೇಸಿಗೆ ಬರುವ ಮೊದಲೇ ಅವನು ತೀರಿಕೊಂಡ.

ಸಾಕಮ್ಮ ಅದಾದ ಮೇಲೆಯೇ ಊರಿಗೆ ಮುಖ ತೋರಿಸಿದ್ದು. ಕೋಟೆಯಲ್ಲೇ ಒಂದು ಹಾಸ್ಟೆಲಿನ ಅಡಿಗೆಗೆ ಸೇರಿ, ಅಲ್ಲೇ ಮದುವೆಯಾಗಿ, ಈಗ ಮೊಮ್ಮಕ್ಕಳನ್ನು ಬೈದುಕೊಂಡು ಇದ್ದಾಳೆ. ನಾವು ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಬದುಕಿರುವವಳಿಗೆ ಎಡೆ ಇಟ್ಟದ್ದನ್ನು ಹೇಳಬಾರದೆಂದು ಅವರ ಮನೆಯವರು ಮುಚ್ಚಿಟ್ಟರು. ನಾನು ಮುಚ್ಚಿಟ್ಟದ್ದು ಬರೀ ಹೆದರಿಕೆಯಿಂದ. ಅವಳು ನನ್ನನ್ನು ಬಿಟ್ಟುಬಿಟ್ಟರೆ ಎಂಬ ಹೆದರಿಕೆ. ಅವಳ ನಂಬರು ಫೋನಿನಲ್ಲಿ ಮೂಡಿದಾಗಲೆಲ್ಲ, ಇವತ್ತು ಗೊತ್ತಾಗಿಬಿಟ್ಟಿತೇ ಎಂದು ಮೊದಲು ಬೆವರುತ್ತೇನೆ, ಆಮೇಲೆ ಹಲೋ ಅನ್ನುತ್ತೇನೆ.

ನಿನ್ನೆ ಆ ಬ್ಯಾಗು ಕಂಡ ಮೇಲೆ ನಿದ್ದೆ ಬರಲಿಲ್ಲ. ಇನ್ನೆಷ್ಟು ದಿನ ಹೀಗೆ? ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಫೋನು ಮಾಡಿದೆ. ಅವಳ ಅಪ್ಪ ಶೆಡ್ಡಿಗೆ ಬಂದದ್ದು, ಕೇಳಿದ್ದು, ನಾನು ಹೇಳಿದ್ದು, ಎಡೆ, ಸೀರೆ, ಎಲ್ಲವನ್ನೂ ಉಸಿರು ಬಿಡದೆ ಒಪ್ಪಿಸಿದೆ.

ಆ ಕಡೆ ಕುಕ್ಕರು ಮೂರು ಸಲ ಕೂಗಿದ್ದು ಕೇಳಿಸಿತು. ಫೋನು ಕಟ್ಟಾಗಿಲ್ಲ ಎಂಬುದಷ್ಟೇ ನನಗೆ ಧೈರ್ಯ.

“ಅಷ್ಟಾದ್ರೂ ಹೇಳ್ಬೋದಿತ್ತು ಕಣೆ ನಮ್ಮಪ್ಪಂಗೆ,” ಎಂದಳು ಕೊನೆಗೆ.

“ಹೂಂ ಕಣೆ,” ಎಂದೆ.

ಆಮೇಲೆ ಮೂಗೆಳೆದುಕೊಂಡು ಕೇಳಿದಳು: “ಸೀರೆ ಏನ್ ಮಾಡ್ದೆ?”

“ಉಡ್ಲಿಲ್ಲ. ಟ್ರಂಕಲ್ಲೇ ಐತೆ. ಹಸಿರು, ಕೆಂಪಂಚು. ಮಡಿಕೇಲೆಲ್ಲಾ ಸೀಳೋಗದೆ ಕಣೆ, ಉಡಾಕಾಗಲ್ಲ.”

“ಸೀಳಿದ್ರೆ ಸೀಳ್ಳಿ,” ಎಂದಳು ಸಾಕಮ್ಮ. “ನಾಳೆ ಬಸ್ಸಿಗೆ ತಕ್ಕಂಬಾ. ನಮ್ಮಪ್ಪ ನಂಗೆ ತಂದಿದ್ದು ಅದು.”