ಕೌಟು ಎಂಜಿನ್

ನೊಣವಿನಕೆರೆ ಕಡೆಯ ಬಸವರಾಜಣ್ಣ ಎಳನೀರು ಕೆತ್ತಿ ಕೈಗೆ ಕೊಟ್ಟು, "ಲಾರಿ ಮಾರ್ಬುಟ್ಟೆ ಕಣ್ರೀ" ಅಂದರು. ನಾನಾಗ ಲಾರಿ ಕಂಪನಿಯೊಂದರ ಮೆಕ್ಯಾನಿಕ್. ಎಂಜಿನ್ನಿನ ಒಂದು ಗೇರು ಓಡುವಾಗಲೇ ಮುರಿಯುವ ಭಯವಿದ್ದುದರಿಂದ ಆ ಮಾಡೆಲ್ಲಿನ ಲಾರಿಗಳನ್ನೆಲ್ಲ ಕಂಪನಿ ಪುಕ್ಕಟೆ ರಿಪೇರಿಗೆ ವಾಪಸ್ ಕರೆದಿತ್ತು. ಊರಿಗೆ ಮುಟ್ಟಿದ್ದು ಮಾತ್ರ "ವಾಪಸ್" ಅನ್ನುವ ಒಂದೇ ಮಾತು.

ಎಳನೀರು ಎತ್ತಿ ಕುಡಿಯುವಾಗ ತೋಟದೊಳಗೆ ಕಣ್ಣು ಹೋಯಿತು. ತೆಂಗಿನ ಗರಿಯ ದೊಡ್ಡ ರಾಶಿ. ಅದರೊಳಗಿಂದ ಲಾರಿಯ ಕನ್ನಡಿಯೊಂದು ಇಣುಕುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

"ಅಣ್ಣಾ, ನೀವು ಕಳಿಸಿದ ಕೊಬ್ಬರೀಲಿ ಕೌಟು ಸಿಕ್ಕಿದ್ರೆ ಮಂಡಿಯೋರು ಏನ್ಮಾಡ್ತಾರೆ?" ಅಂದೆ.

"ಕೆಟ್ಟಿದ್ದನ್ನ ವಾಪಸ್ ಕಳಿಸ್ತಾರೆ. ಬದ್ಲಿಗೆ ಒಳ್ಳೇದು ಕೊಡ್ತೀನಿ."

"ನಿಮ್ಮ ಎಂಜಿನ್ನಲ್ಲೂ ಒಂದು ಕೌಟು ಐತೆ. ತಪ್ಪು ನಮ್ದೇ. ಬದಲಾಯಿಸಿಕೊಡ್ತೀವಿ, ಅಷ್ಟೆ."

"ಅಯ್ಯೋ, ಹಂಗಂತ ಬುಡ್ಸಿ ಹೇಳೋದಲ್ವಾ!" ಅಂದವರೇ ತಾವೇ ಗರಿ ಎಳೆಯತೊಡಗಿದರು.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಬೈಕಿನ ಹಿಂದೆ ಕೂತು ಹುಳಿಯಾರಿನವರೆಗೂ ಬಂದರು. ಲಾರಿಯಿದ್ದ ತೋಟದಲ್ಲೆಲ್ಲ "ಕಿತ್ಕೊಳ್ಳೋಕೆ ಬಂದೋರಲ್ಲ ಕಣ್ಲಾ, ಕೌಟು ತೆಗೆಯೋಕೆ ಬಂದವ್ರೆ" ಅಂತ ಕೂಗಿದರು. ಗರಿ ರಾಶಿಗಳೆಲ್ಲ ಒಂದೊಂದಾಗಿ ಲಾರಿಗಳಾದವು. ಅವರಿಲ್ಲದಿದ್ದರೆ ಯಾವ ಘಾಟಿಯಲ್ಲಿ ಯಾರ ಎಂಜಿನ್ ಕೈಕೊಡುತ್ತಿತ್ತೋ! ನೆನೆದರೆ ಇವತ್ತಿಗೂ ಅವರಿಗೆ ಕೈಮುಗಿಯಬೇಕು ಅನಿಸುತ್ತದೆ.

ಅವರನ್ನು ಮನೆಗೆ ಬಿಟ್ಟು ಹೊರಡುವಾಗ ಒಂದು ಚೀಲ ಕೊಬ್ಬರಿ ಹೊರಿಸಿ ಕಳಿಸಿದರು. ಮನೆಗೆ ಬಂದು ಒಡೆದರೆ ಅದರಲ್ಲೊಂದು ಕೌಟು. ವಾಪಸ್ ಕೊಡುವ ಧೈರ್ಯ ಬರಲಿಲ್ಲ. ಕೊಟ್ಟಿದ್ದರೆ ಆ ಮನುಷ್ಯ ಇನ್ನೊಂದು ಚೀಲ ಹೊರಿಸುತ್ತಿದ್ದರು.