ಒಂಥರಾ ಕಲಿಸುವ ಸುನಂದಾ

ಸುನಂದಾ ಅವರನ್ನು ನಾನು ಮೊದಲು ನೋಡಿದಾಗ ಅವರು ಒಂದು ಹಸುಗೂಸನ್ನು ಒಂದೇ ಕಾಲು ಹಿಡಿದು, ತಲೆಕೆಳಗಾಗಿ, ನೀಲಿ ಬಣ್ಣದ ದೊಡ್ಡ ಚೀಲವೊಂದಕ್ಕೆ ಇಳಿಸುತ್ತಿದ್ದರು.

ಇದು 2016ರ ಮಾತು. ಸಿಂಗಪುರದ ಸೆರಂಗೂನ್‌ನಲ್ಲಿ ನಮ್ಮ ಬ್ಲಾಕಿನ ವಾಯ್ಡ್ ಡೆಕ್, ಅಂದರೆ ಕಟ್ಟಡದ ಬುಡದಲ್ಲಿ ಕಂಬಗಳ ನಡುವೆ ಖಾಲಿ ಬಿಟ್ಟಿರುತ್ತಾರಲ್ಲ, ಆ ಜಾಗ. ಮಟಮಟ ಮಧ್ಯಾಹ್ನ. ನಾನು ಹತ್ತೊಂಬತ್ತು ವರ್ಷದಿಂದ ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರ ರಿಸ್ಕ್ ವಿಭಾಗದಲ್ಲಿದ್ದೇನೆ. ಅಪಾಯವನ್ನು ಉಳಿದವರಿಗಿಂತ ಮೊದಲೇ ಕಂಡುಹಿಡಿಯುವುದಕ್ಕೇ ಅವರು ನನ್ನನ್ನು ಇಟ್ಟುಕೊಂಡಿದ್ದಾರೆ ಎಂದು ನಾನು ನಂಬಿದ್ದೇನೆ. ಅವರು ಏನು ನಂಬಿದ್ದಾರೋ ಕೇಳಿಲ್ಲ. ಇಂಥ ಅನುಭವಸ್ಥ ಏನು ಮಾಡಬೇಕೋ ಅದನ್ನೇ ಮಾಡಿದೆ. ಕಂಬದ ಹಿಂದೆ ನಿಂತು ಹೆಂಡತಿಗೆ ಫೋನ್ ಹಚ್ಚಿದೆ.

"ಸರಳಾ, ಇಲ್ಲೊಬ್ಬಳು ಮಗೂನ ಬ್ಯಾಗಿಗೆ ತುಂಬ್ತಿದಾಳೆ. ತಲೆ ಒಳಗೆ ಹೋಯ್ತು. ಈಗ ಜಿಪ್ ಹಾಕ್ತಿದಾಳೆ. ಪೊಲೀಸ್‌ಗೆ ಹೇಳ್ಲಾ?"

"ಮೊಸರು ತಗೊಂಡ್ರಾ?" ಎಂದಳು ಸರಳಾ.

ಅಷ್ಟರಲ್ಲಿ ಆ ಹೆಂಗಸು ತಿರುಗಿ, ಕಂಬದ ಕಡೆ ನೋಡಿ, ಅಚ್ಚ ಕನ್ನಡದಲ್ಲಿ, "ಜಿಪ್ ಪೂರ್ತಿ ಹಾಕಿಲ್ಲ ಸಾರ್. ಉಸಿರಾಡುತ್ತೆ ಬಿಡಿ" ಎಂದರು.

ನಾನು ಕಂಬದ ಹಿಂದಿನಿಂದ ಹೊರಗೆ ಬರಲೇಬೇಕಾಯಿತು. ಅವರು ಚೀಲ ತೆಗೆದು ತೋರಿಸಿದರು. ರಬ್ಬರ್ ಕೂಸು. ಹೊಕ್ಕುಳಬಳ್ಳಿ ಸಮೇತ ಇತ್ತು. "ಬೆಳಿಗ್ಗೆಯಿಂದ ಹನ್ನೊಂದು ಸಲ ಉಸಿರು ನಿಲ್ಲಿಸಿದೆ. ಹನ್ನೊಂದು ಸಲಾನೂ ಬದುಕಿಸಿದಾರೆ. ಈ ಸಲದ ಬ್ಯಾಚ್ ಪರವಾಗಿಲ್ಲ" ಎಂದು ಅದರ ಬೆನ್ನು ಸವರಿ ಮತ್ತೆ ಒಳಗಿಟ್ಟರು. ಮೂರು ವರ್ಷದಿಂದ ಅದೇ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿದ್ದಾರಂತೆ. ನಾವು ಏಳರಲ್ಲಿ. ಅಪಾಯ ಗುರುತಿಸುವವನ ಕಣ್ಣಿಗೆ ಮೂರು ವರ್ಷ ಬಿದ್ದಿರಲಿಲ್ಲ.

ಊರು ಚಿತ್ರದುರ್ಗ. ನರ್ಸಿಂಗ್ ಓದಿದ್ದು ಮೈಸೂರಲ್ಲಿ. ಸಿಂಗಪುರಕ್ಕೆ ಬಂದು ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿನಲ್ಲಿ ಹದಿನಾಲ್ಕು ವರ್ಷ, ಅದಾದ ಮೇಲೆ ಆಂಬ್ಯುಲೆನ್ಸ್‌ನವರಿಗೆ ಪಾಠ ಹೇಳುವ ಖಾಸಗಿ ತರಬೇತಿ ಕೇಂದ್ರದಲ್ಲಿ ಕೆಲಸ. ಪ್ಯಾರಾಮೆಡಿಕ್ ಆಗಿ ಆಗಲೇ ಕೆಲಸ ಮಾಡುತ್ತಿರುವವರು ಅಲ್ಲಿಗೆ ಬರುತ್ತಾರೆ. ಎರಡೂವರೆ ದಿನದ ಕೋರ್ಸು: ಒಂದು ದಿನ ಕೂಸು, ಒಂದು ದಿನ ಮಕ್ಕಳು, ಕೊನೆಯ ಅರ್ಧ ದಿನ ವಯಸ್ಸಾದವರು.

"ಎಂಬತ್ತು ಕಿಲೋ ಆಸಾಮೀನ ಮೆಟ್ಟಿಲಲ್ಲಿ ಇಳಿಸಿಕೊಂಡು ಬರೋ ಪೈಲ್ವಾನರು ಸಾರ್" ಎನ್ನುತ್ತಿದ್ದರು ಸುನಂದಾ. "ಎರಡೂವರೆ ಕಿಲೋ ಕೂಸು ಕೈಗೆ ಕೊಟ್ರೆ ಬೆವರ್ತಾರೆ. ಓಡಿಹೋಗಿ ಮೆಷಿನ್ ತರ್ತಾರೆ. ನಾನು ಟವೆಲ್ ಕೊಡ್ತೀನಿ. ಮೊದ್ಲು ಒರೆಸ್ರಪ್ಪ, ಬೆಚ್ಚಗೆ ಸುತ್ರಪ್ಪ ಅಂತೀನಿ. ಟವೆಲ್ ಹಿಡಿಯೋದು ಕಲಿಸೋಕೇ ಅರ್ಧ ದಿನ ಬೇಕು."

ಮಕ್ಕಳ ದಿನಕ್ಕೆ ಅವರು ನಮ್ಮ ಮಗಳು ಹಿತಾಳನ್ನು ಎರವಲು ಪಡೆಯತೊಡಗಿದರು. ಅವಳಿಗೆ ಆಗ ಎಂಟು ವರ್ಷ. ಹೊಟ್ಟೆನೋವಿನ ಪಾತ್ರ. ಆಂಟಿ ಅವಳಿಗೆ ಹೇಳಿಕೊಟ್ಟ ಗುಟ್ಟು ಒಂದೇ: ನಿಂತುಕೊಂಡು ಕೇಳುವವರಿಗೆ ನೋವು ಎಲ್ಲಿದೆ ಅಂತ ಹೇಳಬಾರದು, ನೆಲದ ಮೇಲೆ ಕೂತು ಕೇಳಿದವರಿಗೆ ಮಾತ್ರ ಹೇಳಬೇಕು. ಐದು ಜನ ನಿಂತು ಕೇಳಿದರಂತೆ. ಐವರಿಗೂ "ಕೆನಾಟ್ ಟೆಲ್ ಲಾ" ಎಂದಳಂತೆ. ಆರನೆಯವಳು, ಹುಯಿ ಮಿನ್ ಅಂತ, ಬಂದವಳೇ ಚಕ್ಕಲಮಕ್ಕಲ ಹಾಕಿ ಕೂತು, ಹಿತಾಳ ಕರಡಿಗೊಂಬೆಗೆ ಮೊದಲು ಹೊಟ್ಟೆ ನೋಡಿದಳು. ಹಿತಾ ಎಲ್ಲ ಹೇಳಿಬಿಟ್ಟಳು. ಶಾಲೆಯಲ್ಲಿ ಮ್ಯಾತ್ಸ್ ಟೆಸ್ಟಿನ ದಿನ ಬರುವ ಹೊಟ್ಟೆನೋವಿನ ಗುಟ್ಟೂ ಸೇರಿ.

ಆದರೆ ಸುನಂದಾ ಅವರ ಜೀವ ಇದ್ದದ್ದು ಕೊನೆಯ ಅರ್ಧ ದಿನದಲ್ಲಿ.

ಆ ಪಾಠಕ್ಕೆ ಅವರು ಬಿಳಿ ಬೋರ್ಡಿನ ಮೇಲೆ ಮೊದಲು ಬರೆಯುತ್ತಿದ್ದದ್ದು ಕಾಯಿಲೆಗಳ ಹೆಸರನ್ನಲ್ಲ. ಮಲಯ್ ಭಾಷೆಯ 'ತಾಕ್ ಅಪಾ', ಇಲ್ಲಿನ ಚೀನೀಯರ ಹೊಕ್ಕಿಯನ್ ಭಾಷೆಯ 'ಬೋ ತೈ ಜಿ', ತಮಿಳಿನ 'ಒಣ್ಣುಮಿಲ್ಲೆ'. ಎಲ್ಲಕ್ಕೂ ಅರ್ಥ ಒಂದೇ, ಏನಿಲ್ಲ ಎಂದು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದ್ದು: 'ಒಂಥರಾ'. ಇದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ, "ಗೊತ್ತಿಲ್ಲ. ಯಾರಾದ್ರೂ ಅಂದ್ರೆ ಮಾತ್ರ ತಕ್ಷಣ ಕೂರಿಸಿ, ಬಿಪಿ ನೋಡಿ" ಎಂದಿದ್ದರಂತೆ. ತಲೆ ಸುತ್ತು, ಎದೆ ಹಿಂಡುವುದು, ಕಣ್ಣು ಮಂಜಾಗುವುದು, ಮಗ ಫೋನ್ ಮಾಡದಿರುವುದು, ಎಲ್ಲವನ್ನೂ ನಮ್ಮ ಹಿರಿಯರು ಈ ಮೂರಕ್ಷರದಲ್ಲೇ ಮುಗಿಸುತ್ತಾರೆ.

ಇಷ್ಟು ಹಟಕ್ಕೆ ಕಾರಣವಿತ್ತು. ಕೆಲವು ವರ್ಷದ ಹಿಂದೆ ಅವರ ಬಳಿಯೇ ಕಲಿತ ಇಬ್ಬರು ಒಬ್ಬ ಅಜ್ಜಿಯ ಮನೆಗೆ ಹೋಗಿದ್ದರು. ಫೋನ್ ಮಾಡಿದ್ದು ಪಕ್ಕದ ಮನೆಯವರು. ಅಜ್ಜಿ ನಗುತ್ತಾ ತಾಕ್ ಅಪಾ ಎಂದಳು, ಬಿಸಿಬಿಸಿ ಚಹಾ ಕೊಟ್ಟಳು, ಆಸ್ಪತ್ರೆಗೆ ಬರುವುದಿಲ್ಲ ಎಂದಳು. ಚಹಾ ಕುಡಿದು ಬಂದರು. ಮರುದಿನ ಅದೇ ಮನೆಯಿಂದ ಮತ್ತೆ ಕರೆ ಬಂದಾಗ ಅಜ್ಜಿಯ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. "ಚಹಾ ಕೊಡುವಾಗ ಅವಳು ಎಡಗೈಲಿ ಕೊಟ್ಟಿದ್ಲಂತೆ ಸಾರ್. ಕುಡಿದೋರಿಗೆ ಆಮೇಲೆ ನೆನಪಾಯ್ತು" ಎಂದಿದ್ದರು ಸುನಂದಾ.

ಈ ಅರ್ಧ ದಿನಕ್ಕೇ 2017ರಲ್ಲಿ ಕುತ್ತು ಬಂತು. ಕೇಂದ್ರದ ಮುಖ್ಯಸ್ಥ ಮಿಸ್ಟರ್ ಚುವಾ ಅವರು ಹೊರದೇಶದಿಂದ ಒಂದು ಹೊಸ ಗೊಂಬೆ ತರಿಸಿದರು. ಅದು ಬೆವರುತ್ತದೆ, ಕೆಮ್ಮುತ್ತದೆ, ಕಣ್ಣಲ್ಲಿ ನೀರು ಹಾಕುತ್ತದೆ, ಗುಂಡಿ ಒತ್ತಿದರೆ ನರಳುತ್ತದೆ. ಚುವಾ ಅವರು ಬಂದವರಿಗೆಲ್ಲ ಅದನ್ನು ಮನೆಯ ಅಳಿಯನನ್ನು ಪರಿಚಯಿಸುವ ಹಾಗೆ ಪರಿಚಯಿಸುತ್ತಿದ್ದರು. ಇಂಥದ್ದು ಇರುವಾಗ ಅರ್ಧ ದಿನದ ಹರಟೆ ಏಕೆ ಎಂಬುದು ಅವರ ಪ್ರಶ್ನೆ. ಬರುವ ಶುಕ್ರವಾರ ತಾನೇ ಬಂದು ಕೂರುತ್ತೇನೆ; ಗೊಂಬೆ ತೋರಿಸಲಾಗದ್ದನ್ನು ನಿಮ್ಮ ಪಾಠ ಏನು ತೋರಿಸುತ್ತದೋ ನೋಡುತ್ತೇನೆ; ಇಲ್ಲದಿದ್ದರೆ ಆ ಸಮಯ ಗೊಂಬೆಗೆ ಎಂದುಬಿಟ್ಟರು.

ಸುನಂದಾ ಅವರ ಪಾಠಕ್ಕೆ ಖಾಯಂ ಆಗಿ ರೋಗಿಯ ಪಾತ್ರ ಮಾಡುತ್ತಿದ್ದ ಒಬ್ಬ ನಿವೃತ್ತ ಟೀಚರು ಆ ವಾರವೇ ಮಗಳ ಮನೆಗೆಂದು ಪರ್ತ್‌ಗೆ ಹೋಗಿಬಿಟ್ಟಿದ್ದರು. ಸುನಂದಾ ನಮ್ಮ ಮನೆಗೆ ಬಂದು ಕೂತರು.

"ಗೊಂಬೆ ಎಲ್ಲ ಮಾಡುತ್ತೆ ಸಾರ್, ಸುಳ್ಳು ಹೇಳಲ್ಲ. ನನಗೆ ಸುಳ್ಳು ಹೇಳೋ ವಯಸ್ಸಾದವರು ಒಬ್ರು ಬೇಕು."

ನಾನೂ ಸರಳಾಳೂ ಏಕಕಾಲಕ್ಕೆ ಸೋಫಾದ ಕಡೆ ನೋಡಿದೆವು. ಅಲ್ಲಿ ನಮ್ಮ ಮಾವ ದ್ವಾರಕನಾಥ್ ಪೇಪರ್ ಓದುತ್ತಿದ್ದರು. ವಯಸ್ಸು ಎಪ್ಪತ್ನಾಲ್ಕು. ಮೈಸೂರಲ್ಲಿ ವಿದ್ಯುತ್ ಮಂಡಳಿಯ ಎಂಜಿನಿಯರ್ ಆಗಿ ರಿಟೈರ್ ಆದವರು. ನಮ್ಮಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಬಂದಾಗಿನಿಂದ ಸಿಂಗಪುರದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ. ಜೇಬಲ್ಲಿ ಸದಾ ಒಂದು ಹಳೆಯ ಕನ್ನಡಕದ ಪೆಟ್ಟಿಗೆ. ನಡೆದರೆ ಗಲಗಲ ಎನ್ನುತ್ತಿತ್ತು.

"ಆಕ್ಟಿಂಗಾ?" ಎಂದು ಪೇಪರ್ ಮಡಿಸಿದರು. "ನೋಡಮ್ಮ, ಎಪ್ಪತ್ನಾಲ್ಕನೇ ಇಸವಿ ರಾಜ್ಯೋತ್ಸವದಲ್ಲಿ ನಾನು ದುಷ್ಯಂತ. ಚೀಫ್ ಎಂಜಿನಿಯರ್ ಎದ್ದು ನಿಂತು ಚಪ್ಪಾಳೆ ಹೊಡೆದ್ರು."

"ಇಲ್ಲಿ ದುಷ್ಯಂತ ಬೇಡ ಸಾರ್. ಬಾತ್‌ರೂಮಲ್ಲಿ ಜಾರಿ ಬಿದ್ದಿದೀರಿ, ಸೊಂಟ ನೋವು. ಯಾರೇನು ಕೇಳಿದ್ರೂ ಏನಿಲ್ಲ ಅನ್ನಿ. ಅಷ್ಟೇ."

"ಒಂದು ಸಣ್ಣ ಸ್ವಗತ ಇಟ್ಕೋಬಹುದಾ?"

"ಅಪ್ಪ" ಎಂದಳು ಸರಳಾ.

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದೆ. ಕ್ಲಾಸಿನಲ್ಲಿ ಒಂದು ಡಜನ್ ಪ್ಯಾರಾಮೆಡಿಕ್‌ಗಳು, ಹಿಂದಿನ ಸಾಲಿನಲ್ಲಿ ಕೈಕಟ್ಟಿ ಚುವಾ, ಮೂಲೆಯ ಮಂಚದಲ್ಲಿ ಬೆವರುತ್ತಾ ಅವರ ಗೊಂಬೆ. ನೆಲದ ಮೇಲೆ ಚಾಪೆ ಹಾಸಿ ಮಾವನನ್ನು ಮಲಗಿಸಿದರು. ಸುನಂದಾ ಒಬ್ಬೊಬ್ಬರನ್ನೇ ಕರೆದರು.

ಮಾವ ಆಗಲೇ ದುಷ್ಯಂತನಾಗಿದ್ದರು. ಮೊದಲನೆಯವನು ಸೊಂಟ ಮುಟ್ಟುವ ಮುಂಚೆಯೇ ಚೀರಿದರು. ಎರಡನೆಯವನಿಗೆ ಸೊಂಟದ ಬದಲು ಎದೆ ಹಿಡಿದುಕೊಂಡರು. ಮೂರನೆಯವನ ಹೊತ್ತಿಗೆ ಎಡ ಸೊಂಟದಲ್ಲಿದ್ದ ನೋವು ಬಲಕ್ಕೆ ಹೋಗಿತ್ತು. ಏನಿಲ್ಲ ಎಂಬ ಮಾತು ಮಾತ್ರ ಬಾಯಿಂದ ಬರಲೊಲ್ಲದು. ಹಿಂದಿನ ಸಾಲಿನಲ್ಲಿ ಚುವಾ ಗಡಿಯಾರ ನೋಡಿ, ಗೊಂಬೆ ನೋಡಿದರು. ಸುನಂದಾ ಅವರ ಮುಖ ಸಣ್ಣದಾಯಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಅರ್ಧ ದಿನವನ್ನು ನಮ್ಮ ಮಾವ ಹದಿನೈದು ನಿಮಿಷದಲ್ಲಿ ಮುಗಿಸುತ್ತಿದ್ದಾರೆ ಎಂದು ನನಗೂ ಗೊತ್ತಾಯಿತು. ನಾನು ಕಣ್ಸನ್ನೆ ಮಾಡಿದೆ. ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೊಂದು ಸಲ ನರಳಿದರು.

ನಾಲ್ಕನೆಯವಳು ಹುಯಿ ಮಿನ್, ಹಿಂದಿನ ದಿನವಷ್ಟೇ ಹಿತಾಳ ಕರಡಿಗೊಂಬೆಗೆ ವೈದ್ಯ ಮಾಡಿದವಳು. ಈ ಸಲವೂ ನೆಲದ ಮೇಲೆ ಕೂತಳು. ಕೈ ಹಿಡಿದು ನಾಡಿ ನೋಡಿದಳು, ಊಟ ಆಯಿತೇ ಎಂದು ಕೇಳಿದಳು, ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದಳು. "ನೋ ಟ್ಯಾಬ್ಲೆಟ್. ವೆರಿ ಫಿಟ್" ಎಂದರು ಮಾವ. ಅದು ಪಾತ್ರದ ಮಾತಲ್ಲ, ಸ್ವಂತದ್ದು. ಅವಳ ಸರದಿಯೂ ಮುಗಿಯಿತು. ಯಾರೂ ಏನೂ ಕಂಡುಹಿಡಿದಿರಲಿಲ್ಲ. ಚುವಾ ಎದ್ದು ಕೋಟಿನ ಗುಂಡಿ ಹಾಕಿಕೊಂಡರು.

ಪ್ರದರ್ಶನ ಮುಗಿಯಿತೆಂದು ಮಾವ ಚಪ್ಪಾಳೆಗಾಗಿ ಧಡಕ್ಕನೆ ಎದ್ದು ನಿಂತು ಕೈ ಮುಗಿದರು. ಮುಗಿದ ಕೈ ಹಾಗೇ ಕುರ್ಚಿಯ ಬೆನ್ನು ಹುಡುಕಿತು. ಒಂದು ಕ್ಷಣ ಕಣ್ಣು ಮುಚ್ಚಿದರು.

"ಮಾವ, ಏನಾಯ್ತು?" ಎಂದೆ.

"ಏನಿಲ್ಲ" ಎಂದರು. ಆಮೇಲೆ ತಮಗೇ ಹೇಳಿಕೊಂಡ ಹಾಗೆ, "ಒಂಥರಾ."

ಚಪ್ಪಾಳೆ ಹೊಡೆಯುತ್ತಿದ್ದವರ ನಡುವಿನಿಂದ ಹುಯಿ ಮಿನ್ ಎದ್ದು ಬಂದಳು. "ಅಂಕಲ್, ಒಂತ್ರಾ?"

"ಮುಗೀತಮ್ಮ, ಆಕ್ಟಿಂಗ್ ಓವರ್" ಎಂದರು ಮಾವ ಅರ್ಧ ಕನ್ನಡದಲ್ಲಿ.

ಅವಳು ಕೇಳಲಿಲ್ಲ. ಕೂರಿಸಿದಳು, ಮಲಗಿಸಿದಳು, ಬಿಪಿ ನೋಡಿದಳು. ನಿಲ್ಲಿಸಿ, ತೋಳು ಹಿಡಿದುಕೊಂಡೇ ಮತ್ತೆ ನೋಡಿದಳು. ನಿಂತಾಗ ಬಿಪಿ ತೀರಾ ಇಳಿದಿತ್ತು. ಸುನಂದಾ ಕೈಯಲ್ಲಿದ್ದ ಮಾರ್ಕರಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತಿದ್ದರು. ಹುಯಿ ಮಿನ್ ಮಾವನನ್ನು ಮತ್ತೆ ಕೂರಿಸಿ, ಅವರ ಅಂಗಿಯ ಜೇಬು ನೋಡಿ, ಕನ್ನಡಕ ಮುಖದ ಮೇಲಿದೆಯಲ್ಲ ಅಂಕಲ್, ಮತ್ತೆ ಪೆಟ್ಟಿಗೆಯಲ್ಲಿ ಗಲಗಲ ಅನ್ನುತ್ತಿರುವುದು ಏನು ಎಂದು ಕೇಳಿದಳು.

ಎರಡು ತಿಂಗಳು ಆ ಗಲಗಲ ನನ್ನ ಕಿವಿಗೂ ಬಿದ್ದಿತ್ತು. ನಾನು ಅದನ್ನು ವ್ಯಕ್ತಿತ್ವದ ಭಾಗ ಎಂದುಕೊಂಡಿದ್ದೆ.

ಪೆಟ್ಟಿಗೆ ತೆರೆದರೆ ಕತ್ತರಿಸಿಟ್ಟ ಮಾತ್ರೆ ಪಟ್ಟಿಗಳು. ಒಂದು ಮೈಸೂರಿಂದ ತಂದದ್ದು. ಇನ್ನೊಂದು ಬಂದ ಹೊಸದರಲ್ಲಿ ಸರಳಾ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಾಗ ಕೊಟ್ಟದ್ದು. ಆಗ ಡಾಕ್ಟರು ಮೊದಲೇ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಎರಡು ಸಲ ಕೇಳಿದ್ದರು. ಮಗಳ ಮುಂದೆ ಮಾತ್ರೆ ನುಂಗುವ ಮುದುಕನಾಗಬಾರದೆಂದು ಮಾವ ಎರಡು ಸಲವೂ ಇಲ್ಲ ಎಂದಿದ್ದರು. ಮೇಲಿನ ಹೆಸರು ಬೇರೆ ಬೇರೆ. ಹುಯಿ ಮಿನ್ ಹಿಂಬದಿಯ ಸಣ್ಣ ಅಕ್ಷರ ಓದಿದಳು. ಔಷಧ ಒಂದೇ. ಎರಡು ತಿಂಗಳಿಂದ ಬಿಪಿ ಮಾತ್ರೆ ಎರಡೆರಡು ಹೋಗುತ್ತಿತ್ತು.

"ಅದು ಊರಿಂದು, ಇದು ಇಲ್ಲೀದು" ಎಂದರು ಮಾವ, ಎಂಜಿನಿಯರ್ ದನಿಯಲ್ಲಿ. "ಎರಡು ಲೈನ್ ಇದ್ರೆ ಸಪ್ಲೈ ಫೇಲ್ ಆಗಲ್ಲ ಅಂತ."

ಚುವಾ ಹತ್ತಿರ ಬಂದರು. ಇದು ಸ್ಕ್ರಿಪ್ಟಿನಲ್ಲಿ ಇತ್ತೇ ಎಂದು ಸುನಂದಾ ಅವರನ್ನು ಕೇಳಿದರು. ಇರಲಿಲ್ಲ ಎಂದರು ಅವರು. ಚುವಾ ಬೋರ್ಡಿನ ಮೇಲಿದ್ದ ಮೂರು ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿ, ಅದನ್ನು ಹೇಗೆ ಉಚ್ಚರಿಸುವುದು ಎಂದು ಕೇಳಿದರು. ಒಂದೆರಡು ಸಲ ಹೇಳಿ ನೋಡಿದರು. ಆಮೇಲೆ, ಅರ್ಧ ದಿನ ಇರಲಿ, ಮುಂದಿನ ಬ್ಯಾಚಿಗೆ ಒಂದು ದಿನ ಪೂರ್ತಿ ಮಾಡಲು ಆಗುತ್ತದಾ ನೋಡಿ ಎಂದು ಹೊರಟರು. ಹೋಗುವ ದಾರಿಯಲ್ಲಿ ಗೊಂಬೆಯ ಸ್ವಿಚ್ ಆರಿಸಿ ಹೋದರು. ಅದು ಬೆವರುವುದನ್ನು ನಿಲ್ಲಿಸಿತು.

ಸುನಂದಾ ತಮ್ಮ ಕೈಯಲ್ಲಿದ್ದ ಮಾರ್ಕರನ್ನು ಹುಯಿ ಮಿನ್‌ಗೆ ಕೊಟ್ಟು, ಈಗ ಮಾಡಿದ್ದನ್ನು ಉಳಿದವರಿಗೆ ನೀನೇ ಹೇಳು ಎಂದು ಹಿಂದಿನ ಸಾಲಿನಲ್ಲಿ ಹೋಗಿ ಕೂತರು. ಆ ದಿನ ಕ್ಲಾಸಿನಲ್ಲಿ ಅವರು ಕೂತದ್ದು ಅದೇ ಮೊದಲು.

ಮಾವನಿಗೆ ಯಾರೋ ನೀರು ತಂದುಕೊಟ್ಟರು. ಕುಡಿದು, ಅಂಗಿ ಸರಿಮಾಡಿಕೊಂಡು, ಖಾಲಿಯಾದ ಕನ್ನಡಕದ ಪೆಟ್ಟಿಗೆಯನ್ನು ಜೇಬಿಗಿಟ್ಟು ಸುನಂದಾ ಅವರ ಪಕ್ಕ ಬಂದು ಕೂತರು. ಗಂಟಲು ಸರಿಮಾಡಿಕೊಂಡರು. ಏನೋ ಬರುತ್ತಿದೆ ಎಂದು ನಾನು ಕುರ್ಚಿಯಲ್ಲಿ ಕುಗ್ಗಿದೆ.

"ನಿಜ ಹೇಳಮ್ಮ. ನನ್ನ ಆಕ್ಟಿಂಗ್ ಹೇಗಿತ್ತು?"

"ಆಕ್ಟಿಂಗ್ ದಂಡ ಸಾರ್" ಎಂದರು ಸುನಂದಾ. "ಕಾಯಿಲೆ ಚೆನ್ನಾಗಿತ್ತು."