ಕಾರು ಎರಡು ಸಲ ಸಿಡಿದಾಗ

ಹಾಸಿಗೆ ಹಿಡಿದ ಅಪ್ಪನಿಗೆ ಉಳಿದದ್ದು ಒಂದೇ ಆಸೆ: ಮಾತು ಬಿಟ್ಟಿದ್ದ ತಮ್ಮನ ಮನೆಗೆ ತನ್ನ ಹಳೇ ಅಮೆರಿಕನ್ ಕಾರಿನಲ್ಲೇ ಹೋಗಬೇಕು. ಹತ್ತಾರು ದೇಶ ಸುತ್ತಿ ಊರಿಗೆ ಮರಳಿದ್ದ ನಾನು ಕಕ್ಕಬೆಯ ಮನೆಯ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಎಂಜಿನ್ ಬಿಚ್ಚಿ ಜೋಡಿಸಿದೆ. ಸ್ಟಾರ್ಟ್ ಮಾಡಿದರೆ ಸೈಲೆನ್ಸರ್ ಎರಡು ಸಲ ಢಮಾರೆಂದು ಸುಮ್ಮನಾಯಿತು.

ನಮ್ಮ ಕೊಡವರಲ್ಲಿ ಮನೆಯೊಂದರಿಂದ ಎರಡು ಗುಂಡು ಹಾರಿದರೆ ಅಲ್ಲಿ ಸಾವು ಎಂದರ್ಥ. ಸ್ವಲ್ಪ ಹೊತ್ತಿಗೇ ಬಿಳಿ ಬಟ್ಟೆ ತೊಟ್ಟವರಿಂದ ಅಂಗಳ ತುಂಬಿತು.

"ಯಾವಾಗ ಹೋದ್ರಮ್ಮಾ?" ಎಂದು ಕೇಳಿದರು ಚಿಕ್ಕಪ್ಪನ ಪಕ್ಕದ ಮನೆಯ ಮುದ್ದಪ್ಪ ಮಾವ.

"ಹೋಗಿಲ್ಲ ಮಾವ, ಸಿಡಿದದ್ದು ಕಾರು."

ಒಳಗಿನಿಂದ ಅಪ್ಪ, "ಮುದ್ದಪ್ಪಾ, ನನ್ನ ತಮ್ಮ ಬಂದನಾ?" ಎಂದರು.

"ಅವನಿಗೆ ಈಚೆಗೆ ಕಿವಿ ಕೇಳ್ಸೋದಿಲ್ಲ ಅಣ್ಣಾ," ಎಂದು ಮಾವ ನೆಲ ನೋಡಿದರು.

"ಸರಿ. ಬಂದವರಿಗೆ ಕಾಫಿ ಕೊಡು ಮಗಳೇ. ಕಾರಿನ ಕೆಲಸ ಸಾಕು."

ಮರುದಿನ ಕಾರು ಸಿಡಿಯದೆ ಸ್ಟಾರ್ಟ್ ಆಯಿತು. ಅಷ್ಟು ದೇಶ ಸುತ್ತಿದ ನನಗೆ ಅದನ್ನು ಎಲ್ಲಿಗೆ ಓಡಿಸುವುದೆಂದೇ ತಿಳಿಯಲಿಲ್ಲ.